ಮಾವನ ಮೂರು ವರ್ಷದ ಸಿಲೋನ್ ಪ್ರಯಾಣ

ನಮ್ಮ ಸೋದರಮಾವ ಸಿಲೋನಿಗೆ ಹೋಗಿಬರಲು ತೆಗೆದುಕೊಂಡದ್ದು ಒಟ್ಟು ಮೂರು ವರ್ಷ. ಅದರಲ್ಲಿ ಎರಡು ವರ್ಷ ಹನ್ನೊಂದು ತಿಂಗಳು ಹೊಳೆನರಸೀಪುರದಿಂದ ಹಾಸನಕ್ಕೆ, ಹಾಸನದಿಂದ ಹೊಳೆನರಸೀಪುರಕ್ಕೆ ಓಡಾಡುವುದರಲ್ಲೇ ಕಳೆಯಿತು. ರೈಲು, ಹಡಗು, ಸಮುದ್ರ, ಪರದೇಶ ಎಲ್ಲ ಸೇರಿ ಉಳಿದ ಒಂದು ತಿಂಗಳಿನಲ್ಲಿ ಮುಗಿದುಹೋಯಿತು!

ಮಾವ ಹೊಳೆನರಸೀಪುರದ ತಾಲ್ಲೂಕು ಕಚೇರಿಯ ಎದುರು ಕುಳಿತು ಅರ್ಜಿ ಬರೆದುಕೊಡುತ್ತಿದ್ದರು. ಮನೆಯಲ್ಲಿ ಹೊಲಗದ್ದೆ ಬೇಕಾದಷ್ಟಿತ್ತು. ಅರ್ಜಿ ಬರೆಯುವುದು ಅವರಿಗೆ ಹೊಟ್ಟೆಪಾಡಲ್ಲ, ಚಪಲ. ಬೇರೆಯವರಿಗೆ ಇಸ್ಪೀಟು ಹೇಗೋ ಇವರಿಗೆ ಫಾರಂ ಹಾಗೆ. ಅತ್ತೆಯ ಮೇಲೆ ಸಿಟ್ಟು ಬಂದರೂ ಬಾಯಲ್ಲಿ ಬೈಯದೆ, "ತಮ್ಮ ಗಮನಕ್ಕೆ ತರಬಯಸುವುದೇನೆಂದರೆ" ಎಂದು ಚೀಟಿ ಬರೆದು ಅಡುಗೆಮನೆಯ ಡಬ್ಬದ ಕೆಳಗೆ ಇಡುತ್ತಿದ್ದರು. ಅತ್ತೆಗೆ ಓದು ಬರುತ್ತಿರಲಿಲ್ಲ. ಆ ಸಂಸಾರ ಅಷ್ಟು ಸುಖವಾಗಿ ನಡೆದದ್ದಕ್ಕೆ ಅದೇ ಕಾರಣವಿರಬೇಕು.

ಇಂಥವರಿಗೆ ಪರದೇಶದ ಹುಚ್ಚು ಯಾಕೆ ಹಿಡಿಯಿತು ಅಂತೀರಾ? ಮಾವನಿಗೂ ನಮ್ಮಮ್ಮನಿಗೂ ಕೊನೆಯ ತಂಗಿ, ಅಂದರೆ ನನ್ನ ಚಿಕ್ಕಮ್ಮನನ್ನು ಅರಕಲಗೂಡಿಗೆ ಕೊಟ್ಟಿತ್ತು. ಅವಳ ಗಂಡ ಹೊಗೆಸೊಪ್ಪಿನ ವ್ಯಾಪಾರದ ಬೆನ್ನುಹತ್ತಿ ಕೊಲಂಬೊ ಸೇರಿ ಅಲ್ಲೇ ಅಂಗಡಿ ಹಾಕಿದ. ಚಿಕ್ಕಮ್ಮ ಹೋಗಿ ಹತ್ತು ವರ್ಷವಾಗಿತ್ತು. ಅಲ್ಲಿನ ಸರ್ಕಾರ ಅವಳಿಗೆ ಕೊಟ್ಟಿದ್ದ ಪರವಾನಗಿ ಎಂಥದೆಂದರೆ, ಒಂದು ಸಲ ಆ ದೇಶ ಬಿಟ್ಟು ಬಂದರೆ ಮತ್ತೆ ಒಳಗೆ ಬಿಡುವ ಖಾತ್ರಿಯಿಲ್ಲ. ಹಾಗಾಗಿ ಹತ್ತು ಗೌರಿ ಹಬ್ಬ ಅವಳು ತವರಿನ ಬಾಗಿನ ಕಂಡಿರಲಿಲ್ಲ. ಹತ್ತನೆಯ ವರ್ಷ ಕಾಗದ ಬಂತು. "ಅಣ್ಣಾ, ಈ ಸಲವೂ ಗೌರಿ ಹಬ್ಬಕ್ಕೆ ಬಾಗಿಲಿಗೆ ತೋರಣ ಕಟ್ಟಿ ಕೂತಿದ್ದೆ. ಯಾರೂ ಬರುವುದಿಲ್ಲ ಅಂತ ಗೊತ್ತಿದ್ದೇ ಕಟ್ಟಿದ್ದೆ."

ಮಾವ ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. "ಅವ್ಳು ಬರಕಾಗಕಿಲ್ಲ ಅಂದ್ರೆ ನಾನೇ ಓಯ್ತೀನಿ. ಬಾಗಿನಾನ ಕೈಯಾರೆ ಕೊಟ್ಟೇ ಬತ್ತೀನಿ" ಅಂದರು.

ಪಾಸ್‌ಪೋರ್ಟಿನ ಫಾರಂ ಮೊದಲ ಪುಟದಲ್ಲೇ ತಗಾದೆ ತೆಗೆಯಿತು. ಹುಟ್ಟಿದ ತಾರೀಖು ಬೇಕಂತೆ. ಮಾವ ಅಜ್ಜಿಯನ್ನು ಕೇಳಿದರು.

"ಪಿಳೇಗು ಬಂದು ಊರ್ ಬುಟ್ಟು ತ್ವಾಟದಲ್ಲಿ ಗುಡ್ಲು ಆಕಿದ್ವಲ್ಲ, ಆಗ ಕಣ್ಲಾ. ಕೆಂದ ಅಸ ಕರ ಆಕಿದ ಮಾರ್ನೆ ದಿನ."

ಬೇರೆಯವರಾಗಿದ್ದರೆ ಯಾವುದೋ ತಾರೀಖು ಗೀಚಿ ಕಳಿಸುತ್ತಿದ್ದರು. ಮಾವ ಸರ್ಕಾರಕ್ಕೆ ಸುಳ್ಳು ಬರೆಯುವವರಲ್ಲ. ಪ್ಲೇಗು, ಗುಡಿಸಲು, ಹಸು ಎಲ್ಲವನ್ನೂ ಪ್ರತ್ಯೇಕ ಹಾಳೆಯಲ್ಲಿ ವಿವರಿಸಿ ಲಗತ್ತಿಸಿದರು. ಅದಕ್ಕೆ ಸಾಕ್ಷಿ ಬೇಡವೇ? ಆ ಕರುವನ್ನು ಮುಂದೆ ಕೊಂಡಿದ್ದ ಮುದುಕ ಚನ್ನರಾಯಪಟ್ಟಣದಲ್ಲಿ ಇನ್ನೂ ಬದುಕಿದ್ದಾನೆಂದು ಪತ್ತೆಮಾಡಿ, ಬಸ್ಸು ಹತ್ತಿ ಹೋಗಿ, ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಪಾಸ್‌ಪೋರ್ಟ್ ಕಚೇರಿಯಿಂದ ಎಲ್ಲ ವಾಪಸ್ಸಾಯಿತು. ಕರುವಿನ ವಯಸ್ಸು ರುಜುವಾತಾಗಿದೆ, ಅರ್ಜಿದಾರರದು ಆಗಿಲ್ಲ ಎಂಬರ್ಥದ ಒಕ್ಕಣೆ ಅದರ ಜೊತೆಗಿತ್ತು. ಕೊನೆಗೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಬರೆದಿದ್ದ ತಾರೀಖೇ ಗತಿಯಾಯಿತು.

ನಾನಾಗ ಹಾಸನದಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ಅರ್ಜಿಯ ಕೆಲಸಕ್ಕೆ ಬಂದಾಗಲೆಲ್ಲ ನನ್ನ ಬಾಡಿಗೆ ಕೋಣೆಯೇ ಮಾವನ ಬಿಡಾರ. ಫೋಟೋ ತೆಗೆಸಲು ಸ್ಟುಡಿಯೋಗೆ ಕರೆದುಕೊಂಡು ಹೋದವನೂ ನಾನೇ. ಅಲ್ಲಿಯವರು, "ಪೇಟ ತೆಗೀರಿ ಯಜಮಾನ್ರೇ, ಬರೀ ತಲೇಲಿ ಇರ್ಬೇಕು ಅಂತ ರೂಲ್ಸು" ಅಂದರು. ತಂದೆ ತೀರಿಕೊಂಡ ದಿನ ಬಿಟ್ಟರೆ ಮಾವ ನಾಲ್ಕು ಜನರ ಎದುರು ಪೇಟ ತೆಗೆದವರಲ್ಲ. ಗೋಡೆ ಕಡೆ ತಿರುಗಿ ನಿಲ್ಲು ಅಂತ ನನಗೆ ಹೇಳಿದರು. ಸ್ಟುಡಿಯೋದವರಿಗೂ ಅದನ್ನೇ ಹೇಳಿದರು.

"ನಾನೂ ತಿರುಗಿ ನಿಂತ್ರೆ ಫೋಟೋ ಯಾರು ತೆಗೀತಾರೆ ಸ್ವಾಮಿ?"

"ಕಣ್ ಮುಚ್ಕಂಡು ಒತ್ತಿ."

ಆ ಫೋಟೋದಲ್ಲಿ ಮಾವನ ತಲೆ ಅರ್ಧ ಮಾತ್ರ ಬಂತು. ಮತ್ತೊಂದು ತೆಗೆಸಲು ಅವರನ್ನು ಒಪ್ಪಿಸುವುದಕ್ಕೆ ಒಂದು ತಿಂಗಳು ಹಿಡಿಯಿತು.

ಆಮೇಲೆ ಪೊಲೀಸ್ ವಿಚಾರಣೆ. ಅರ್ಜಿ ಹಾಕಿದವರು ಆ ಮನೆಯಲ್ಲೇ ಇದ್ದಾರಾ, ನಡತೆ ಹೇಗೆ ಅಂತ ನೋಡಿ ವರದಿ ಕೊಡಲು ಒಬ್ಬ ಪೇದೆ ಬಂದ. ಮಾವ ಕಚೇರಿಯ ಎದುರಿದ್ದರು. ಮನೆಯಲ್ಲಿದ್ದದ್ದು ಅತ್ತೆ ಒಬ್ಬರೇ.

"ನಿಮ್ ಯಜಮಾನ್ರ ಎಸ್ರೇನವ್ವ?"

ಗಂಡನ ಹೆಸರು ಹೇಳುವುದುಂಟೇ? ಮದುವೆಯ ದಿನ ಎಲ್ಲರೂ ಕಾಡಿಸಿದ್ದಕ್ಕೆ ಒಂದು ಸಲ ಹೇಳಿದ್ದು ಬಿಟ್ಟರೆ ಆ ಹೆಸರು ಅತ್ತೆಯ ಬಾಯಲ್ಲಿ ಬಂದದ್ದಿಲ್ಲ. "ನಮ್ಮನೇರು" ಅಂದರು.

"ಅದು ಸರಿ ಕಣವ್ವ. ಎಸ್ರು?"

ಅತ್ತೆ ಯೋಚಿಸಿ ಗೋಡೆಯ ಮೇಲಿದ್ದ ದೇವರ ಪಟ ತೋರಿಸಿದರು. ಪಟದಲ್ಲಿ ಶಿವ, ಪಾರ್ವತಿ, ಗಣಪತಿ, ಷಣ್ಮುಖ, ಇಡೀ ಸಂಸಾರವೇ ಕೂತಿತ್ತು. ನಮ್ಮ ಮಾವನದು ಆ ಪಟದೊಳಗಿನ ಅಪ್ಪನ ಹೆಸರು. ಪೇದೆ ಹಿರಿಮಗನ ಹೆಸರು ಬರೆದುಕೊಂಡು ಹೋದ. ಅರ್ಜಿಯಲ್ಲಿ ಹೇಳಿದ ಹೆಸರಿನವರು ಈ ಮನೆಯಲ್ಲಿ ವಾಸವಿಲ್ಲ ಎಂದು ವರದಿಯಾಯಿತು. ಅದನ್ನು ತಿದ್ದಿಸುವಷ್ಟರಲ್ಲಿ ಇನ್ನೊಂದು ಗೌರಿ ಹಬ್ಬ ಬಂದು ಹೋಯಿತು.

"ಇಪ್ಪತ್ತು ವರ್ಸ ನೀನು ಬಾಳಾಟ ಮಾಡಿದ್ದು ಗಣಪತಿ ಜೊತೇಲಾ?" ಎಂದು ಮಾವ ಅತ್ತೆಯನ್ನು ಕೇಳಿದರು.

"ನಾನು ಸರಿಯಾಗೇ ತೋರ್ಸಿವ್ನಿ. ಅವನ್ ಕಣ್ಣು ಸರಿಗಿರ್ನಿಲ್ಲ."

ಅಂತೂ ಪಾಸ್‌ಪೋರ್ಟು ಬಂತು. ಅದನ್ನು ಹಿಡಿದವರನ್ನು ಅಡ್ಡಿ ಆತಂಕವಿಲ್ಲದೆ ಓಡಾಡಲು ಬಿಡಬೇಕೆಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಒಳಗೆ ಅಚ್ಚಾಗಿರುತ್ತದಲ್ಲ, ಮಾವ ಅದನ್ನು ಬಾಯಿಪಾಠ ಮಾಡಿಕೊಂಡರು. ಬೀಗರಿಗೆ ಸುದ್ದಿ ತಿಳಿಸಲು ಅರಕಲಗೂಡಿನ ಬಸ್ಸು ಹತ್ತಿದಾಗ, ಟಿಕೆಟ್ ಕೇಳಿದ ಕಂಡಕ್ಟರನಿಗೆ ಆ ಪುಟ ಬಿಚ್ಚಿ ತೋರಿಸಿದರು. "ರಾಷ್ಟ್ರಪತಿಗಳೇ ಬುಡಿ ಅಂದವ್ರೆ ಕಣಯ್ಯ."

"ಅವ್ರು ಬುಡ್ತಾರೆ ಗೌಡ್ರೇ, ನಮ್ ಚೆಕಿಂಗ್ ಇನ್‌ಸ್ಪೆಕ್ಟ್ರು ಬುಡಾಕಿಲ್ಲ" ಎಂದ ಕಂಡಕ್ಟರ್ ಟಿಕೆಟ್ ಹರಿದು ಕೈಗಿಟ್ಟ.

ಇನ್ನು ವೀಸಾ. ಅದಕ್ಕೆ ಸಿಡುಬಿನ ದಾಕು ಹಾಕಿಸಿಕೊಂಡ ಸರ್ಟಿಫಿಕೇಟು ಬೇಕು, ಕಾಲರಾ ಇಂಜೆಕ್ಷನ್ನಿನದೂ ಬೇಕು. ಸಿಡುಬಿನದು ಮೂರು ವರ್ಷ ನಡೆಯುತ್ತದೆ, ಕಾಲರಾದ್ದು ಆರೇ ತಿಂಗಳು. ವೀಸಾದವರೋ ಏಳು ತಿಂಗಳಿಗೊಂದು ಪ್ರಶ್ನೆ ಕೇಳುತ್ತಿದ್ದರು! ಅವರ ಕಾಗದ ಬರುವ ಹೊತ್ತಿಗೆ ಇಂಜೆಕ್ಷನ್ ಹಳತಾಗಿರುತ್ತಿತ್ತು. ಮಾವ ಹಾಸನದ ಆಸ್ಪತ್ರೆಗೆ ಬಂದು ಮತ್ತೆ ಚುಚ್ಚಿಸಿಕೊಂಡು, ಜ್ವರ ಬಂದು ನನ್ನ ಚಾಪೆಯ ಮೇಲೆ ಎರಡು ದಿನ ಮಲಗಿ ಹೋಗುತ್ತಿದ್ದರು. "ಸಾಕು ಬಿಡಿ ಮಾವ" ಅಂದೆ ಒಂದು ಸಲ. "ಎಡಗೈ ಸರ್ಕಾರುದ್ದು ಕಣ್ಲಾ. ಬಲಗೈ ನಂದು. ಬರಿಯಾಕೆ ಬೇಕಲ್ಲ" ಅಂದರು.

ವೀಸಾದವರ ಕಡೆಯ ಪ್ರಶ್ನೆ ಪ್ರಯಾಣದ ಉದ್ದೇಶದ ಬಗ್ಗೆ. ಮಾವ "ತಂಗಿಗೆ ಗೌರಿ ಬಾಗಿನ ಕೊಡುವುದು" ಅಂತ ಬರೆದಿದ್ದರು. ಬಾಗಿನ ಎಂದರೇನು, ಅದು ಮಾರಾಟದ ಸರಕೇ ಎಂದು ಕೇಳಿ ಬಂತು. ಸರಿ, ಮಾವನಿಗೆ ಹಬ್ಬವೇ ಆಯಿತು! ಮೊರ, ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಅರಿಸಿನ ಕುಂಕುಮ, ಯಾವುದು ಎಷ್ಟು, ಯಾತಕ್ಕೆ ಎಂದು ಹನ್ನೊಂದು ಪುಟ ಬರೆದರು, ಮೂರು ಪ್ರತಿ. ಅದನ್ನು ಓದಿದವರಿಗೆ ಸಾಕುಸಾಕಾಯಿತೋ ಏನೋ, ಮೂವತ್ತು ದಿನದ ವೀಸಾ ಬಂದೇಬಿಟ್ಟಿತು. ಜೊತೆಗೊಂದು ಸಾಲು: ಕಾಳುಕಡ್ಡಿ, ತೆಂಗಿನಕಾಯಿ ಇತ್ಯಾದಿಗಳನ್ನು ದೇಶದೊಳಗೆ ತರುವಂತಿಲ್ಲ.

ಆ ಸಾಲನ್ನು ಮಾವ ಎರಡು ಸಲ ಓದಿದರು. ಆಮೇಲೆ ಮನೆಗೆ ಹೋಗಿ, ಗದ್ದೆಯ ಹೊಸ ಅಕ್ಕಿ, ಬೇಳೆ, ಕಾಯಿ, ಬಳೆ ಎಲ್ಲವನ್ನೂ ಮೊರಕ್ಕೆ ತುಂಬಿಸಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ರೈಲು ಹತ್ತಿದರು. ಕರುವಿನ ವಯಸ್ಸಿಗೂ ಸಾಕ್ಷಿ ತಂದ ಮನುಷ್ಯ ತಿಳಿದೂ ತಿಳಿದೂ ಒಂದು ಕಾನೂನು ಮುರಿಯಲು ಹೊರಟದ್ದನ್ನು ನಾನು ನೋಡಿದ್ದು ಅದೇ ಮೊದಲು, ಅದೇ ಕೊನೆ.

ತಿಂಗಳು ತುಂಬಿ ಮಾವ ತಿರುಗಿ ಬಂದ ದಿನ ನಾವೆಲ್ಲ ಹೊಳೆನರಸೀಪುರದಲ್ಲಿ ಸೇರಿದ್ದೆವು. ಸಿಲೋನು ಹೇಗಿದೆ, ಹಡಗು ಹೇಗಿತ್ತು ಅಂತ ಒಬ್ಬೊಬ್ಬರದೂ ಒಂದೊಂದು ಪ್ರಶ್ನೆ. ಅಮ್ಮ ಕೇಳಿದ್ದು ಒಂದೇ. "ಬಾಗಿನ ಕೊಟ್ಯಾ ಅಣ್ಣ?"

ಮಾವ ಅಮ್ಮನ ಕಡೆ ತಿರುಗಿದರು.

"ಅಡಗು ಇಳಿದ ತಾವ ಅಕ್ಕಿ, ಬೇಳೆ, ಕಾಯಿ ಎಲ್ಲಾವ ತಗದು ಮಡಿಕ್ಕಂಡ್ಬುಟ್ರು ಕಣವ್ವ. ಮೊರ, ಬಳೆ ಅಷ್ಟೇ ಬುಟ್ರು. ಬರೀ ಮೊರ ಇಡ್ಕಂಡು ಅವ್ಳ ಬಾಗ್ಲಲ್ಲಿ ನಿಂತ್ಕಂಡೆ. ತಲೆ ಎತ್ತಾಕೆ ಆಗ್ನಿಲ್ಲ ನಂಗೆ. ಅವ್ಳು ಏನೂ ಕೇಳ್ನಿಲ್ಲ. ಮೊರ ಈಸ್ಕಂಡು ಒಳಕ್ಕೋದ್ಲು. ಅವಳ್ ಮನೆ ಅಕ್ಕೀನೇ, ಅವಳ್ ಮನೆ ಬೇಳೇನೇ ತುಂಬ್ಕಂಡು ಬಂದು ನನ್ ಕೈಗೆ ಕೊಟ್ಟು, ಸೆರಗು ಒಡ್ಡಿ ನಿಂತ್ಕಂಡ್ಲು. 'ಈಗ ಕೊಡಣ್ಣ' ಅಂದ್ಲು. ಕೊಟ್ಟೆ."

ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೂರು ವರ್ಷ ಈ ಮನುಷ್ಯನ ಕಥೆ ಹೇಳಿ ಹಾಸನದ ಗೆಳೆಯರನ್ನೆಲ್ಲ ನಗಿಸಿದ್ದ ನನಗೆ ಅವರ ಮುಖ ನೋಡಲಾಗಲಿಲ್ಲ.

"ಆಮ್ಯಾಕೆ ಅಕ್ಕಪಕ್ಕದೋರ್ನೆಲ್ಲ ಕರ್ದು ಆ ಮೊರ ತೋರ್ಸುದ್ಲು" ಅಂದರು ಮಾವ. "ನಮ್ಮೂರ್ ಗದ್ದೆ ಅಕ್ಕಿ, ನಮ್ಮಣ್ಣ ತಂದವ್ನೆ ಅಂತ."