ಕೋಟಿನ ಲೈನಿಂಗ್ ವಿಷಯವಾಗಿ ನನ್ನ ತಲೆಯೊಳಗಿನ ತಂಡಕ್ಕೆ

ನನ್ನ ಮೆದುಳಿನ ನೆನಪಿನ ಶಾಖೆಯಲ್ಲಿ ಸೇವೆಯಲ್ಲಿರುವ ಮಾನ್ಯ ಜೀವಕೋಶಗಳೇ,

ಒಮ್ಮೆ ಅಳತೆ ತೆಗೆದ ಸೊಂಟವನ್ನು ನಲವತ್ತು ವರ್ಷವಾದರೂ ಮರೆಯದ, ಆದ್ದರಿಂದಲೇ ಅಳತೆ ಪುಸ್ತಕ ಇಡದ, ಭೂಮಂಡಲದ ಏಕೈಕ ದರ್ಜಿಯಾದ ನಾನು ತಮಗೆ ತಲೆಬಾಗಿ, ಅಂದರೆ ತಮ್ಮನ್ನೇ ಬಾಗಿಸಿ, ನಮಸ್ಕರಿಸುತ್ತೇನೆ. ಬಿಗಿ ಪ್ಯಾಂಟಿನ ಗಿರಾಕಿಗಳು ನಡುವೆ ಬಾಯಿ ಹಾಕಬಾರದೆಂದು ವಿನಂತಿ.

ಕಳೆದ ತಿಂಗಳು ಅಂಗಡಿಯಲ್ಲಿ ಬಚ್ಚಿಟ್ಟ ನನ್ನ ಹಣ ಎಲ್ಲಿದೆಯೆಂದು ತಮ್ಮನ್ನು ಕೇಳಿದಾಗ ತಾವು ತುಟಿ ಪಿಟಕ್ಕೆನ್ನಲಿಲ್ಲ. ತಮ್ಮ ಮೌನವನ್ನು ಗೌರವಿಸಿ ನಾನು, ಪಕ್ಕದ ಮಿಷನ್ನಿನಲ್ಲಿ ಹದಿನೆಂಟು ವರ್ಷ ಕೂತ ನನ್ನ ಹೆಂಡತಿಯ ತಮ್ಮನೇ ಕದ್ದನೆಂದು ಬೀದಿಗೆಲ್ಲ ಸಾರಿದೆ; ಮೂವತ್ತು ಸಾವಿರ ಎಂದೆ. ಅವನು ತನ್ನ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟುಹೋದ. ಅಂದಿನಿಂದ ಅಂಗಡಿಯಲ್ಲಿ ಗುಂಡಿಗಳಿಗೆ ಕಾಜಾ ಹಾಕುವವರಿಲ್ಲ, ಮನೆಯಲ್ಲಿ ನನ್ನೊಡನೆ ಮಾತಾಡುವವರಿಲ್ಲ.

ಮೆದುಳಿನ ವಿಷಯವನ್ನೇ ಓದುತ್ತಿರುವ ನನ್ನ ಅಕ್ಕನ ಮಗಳು ತಮ್ಮ ಗುಟ್ಟು ಬಿಟ್ಟುಕೊಟ್ಟಳು. ಒಂದು ನೆನಪನ್ನು ತಮ್ಮಲ್ಲಿ ಯಾರೂ ಒಬ್ಬರೇ ಹೊರುವುದಿಲ್ಲವಂತೆ, ಗುಂಪಾಗಿ ಹೊರುತ್ತೀರಂತೆ, ಕೆಲವರನ್ನು ತಟ್ಟಿದರೆ ಉಳಿದವರೂ ಏಳುತ್ತಾರಂತೆ. ಪರೀಕ್ಷಿಸೋಣವೆಂದು ಮಿಷನ್ ಎಣ್ಣೆಯ ಡಬ್ಬಿ ಮೂಸಿದೆ. ಆಹಾ, ಎಂಥ ಒಗ್ಗಟ್ಟು! ಎಣ್ಣೆಯ ವಾಸನೆ ಹಸಿರು ದಾರವನ್ನು ಎಳೆದು ತಂದಿತು, ದಾರ ಹೆಬ್ಬೆರಳಿಗೆ ಚುಚ್ಚಿದ ಸೂಜಿಯನ್ನು, ಸೂಜಿ ಕೋಟನ್ನು. ಹೆಂಡತಿ ನನ್ನ ಜೇಬುಗಳನ್ನು ನನಗಿಂತ ಚೆನ್ನಾಗಿ ಬಲ್ಲವಳಾದ್ದರಿಂದ, ಗಿರಾಕಿಯೊಬ್ಬರ ಕೋಟಿನ ಲೈನಿಂಗ್ ಒಳಗೆ ಹಣವಿಟ್ಟು ಹೊಲಿದವನು ನಾನೇ. ಕರೆಯದೆ ಬಂದದ್ದು ಇನ್ನೊಂದು: ಪಕ್ಕದ ಖಾಲಿ ಸ್ಟೂಲು. ಅಂದು ಭಾವಮೈದ ಹಲ್ಲು ಕೀಳಿಸಲು ಹೋಗಿದ್ದ.

ನಿರಪರಾಧಿಯ ಪರವಾದ ಸಾಕ್ಷಿಯನ್ನು ಇಷ್ಟು ಜೋಪಾನವಾಗಿ ಕಾಪಾಡಿದ ತಾವು, ಆಗಲೇ ಅಂಗಡಿ ಬಿಟ್ಟುಹೋದ ಆ ಕೋಟು ಯಾರದೆಂಬುದನ್ನು ಹೊತ್ತವರನ್ನು ಮಾತ್ರ ರಜೆಗೆ ಕಳಿಸಿದ್ದೀರಿ. ಮುಂದೆ ರಜೆ ಹಾಕುವವರು ಮೂರು ದಿನ ಮೊದಲೇ ಅರ್ಜಿ ಕೊಡಬೇಕು; ಖಾಲಿ ಸ್ಟೂಲಿನಂಥ ಸಂಗತಿಗಳನ್ನು ನಾನು ಬಾಯಿ ತೆರೆಯುವ ಮುಂಚೆಯೇ ಹಾಜರುಪಡಿಸಬೇಕು.

ಕ್ಷಮೆ ಕೇಳಲು ಹೋದಾಗ ಭಾವಮೈದ ಕೂರಿಸಿ ನೀರು ಕೊಟ್ಟ. "ಬರ್ತೀನಿ ಭಾವ. ಮೊದಲು ನಿಜವಾಗಿ ಎಷ್ಟು ಹೋಯ್ತು ಅಂತ ನಾಲ್ಕು ಜನ ಓದೋ ಹಾಗೆ ಬರೀರಿ" ಎಂದ. ಈ ಪತ್ರ ಬಹಿರಂಗವಾದದ್ದು ಹೀಗೆ.

ತಮ್ಮನ್ನು ಬಾಡಿಗೆಯಿಲ್ಲದೆ ಹೊತ್ತು ತಿರುಗುವ
ತಮ್ಮ ವಿಶ್ವಾಸಿ,
ಮಿಷನ್ ಮಾವ

ಮರೆತ ಮಾತು: ತಮ್ಮ ತಂಡದಲ್ಲಿ ಒಬ್ಬರೂ ರಜೆ ಹಾಕದೆ, ಮೊದಲ ದಿನದಿಂದಲೂ ಒಕ್ಕೊರಲಿನಿಂದ ನೆನಪಿಟ್ಟಿದ್ದ ಸಂಗತಿ ಒಂದೇ. ಕಳೆದದ್ದು ಮುನ್ನೂರ ಎಪ್ಪತ್ತು ರೂಪಾಯಿ.