ಹಗ್ಗದ ಶೇರಿಗೆ ಎದ್ದ ಕಂಬ

ಕಲ್ಲೋಳಿಯ ಶೆಟ್ಟೆಪ್ಪನನ್ನು ಕೆಡಿಸಿದ್ದು ಶೇರಿನ ದರವಲ್ಲ, ದರದ ಕೆಳಗಿನ ಕಂಬ. ಮೊಬೈಲಿನ ಪಟದಲ್ಲಿ ಮೇಲಿನ ಗೆರೆ ದರ ಹೇಳಿದರೆ, ಕೆಳಗಿನ ಕಂಬ ಅಂದು ಎಷ್ಟು ಶೇರು ಕೈ ಬದಲಿಸಿದವು ಎಂದು ಹೇಳುತ್ತದೆ. ಇದನ್ನು ಕಲಿತಂದಿನಿಂದ ಅವನು ಉಣ್ಣುವಾಗಲೂ ಹೆಂಡತಿ ದ್ರಾಕ್ಷಾಯಿಣಿಗೆ ಅದೇ ಪುರಾಣ ಹೇಳುತ್ತಿದ್ದ.

“ಗೋಕಾಕ ಸಂತ್ಯಾಗ ಯಾರ ಮುಂದ ಗದ್ಲ ಐತಿ, ಅವರ ಬದನಿಕಾಯಿ ಚಲೋ. ಶೇರೂ ಹಂಗ. ಕಂಬ ಏಳದ ದರ ಏರಿದ್ರ ಬರೇ ಗಾಳಿ. ಕಂಬ ಎದ್ದು ಏರಿದ್ರ ಖರೆ!”

“ಹೂಂ,” ಎಂದು ಅವಳು ರೊಟ್ಟಿ ತಟ್ಟುತ್ತಿದ್ದಳು.

ಶೆಟ್ಟೆಪ್ಪನಿಗೆ ಒಂದೇ ಆಸೆ, ಸ್ವಂತದ ಹಿಟ್ಟಿನ ಗಿರಣಿ. ಅದಕ್ಕೆಂದು ಕೂಡಿಟ್ಟದ್ದನ್ನೆಲ್ಲ, ಯಾರೂ ತಿರುಗಿ ನೋಡದ ಒಂದು ಸಣ್ಣ ಹಗ್ಗದ ಕಂಪನಿಯ ಶೇರಿಗೆ ಸುರಿದಿದ್ದ. ಅಂದು ಮುಂಜಾನೆ ದರ ಗಿರಣಿ ಬರುವಷ್ಟು ಏರಿತು. ಗೋಕಾಕದ ಮಷೀನಿನ ವ್ಯಾಪಾರಿ ಮುತ್ತಪ್ಪನೂ ಫೋನು ಮಾಡಿದ.

“ಶೆಟ್ಟೆಪ್ಪಣ್ಣಾ, ಒಂದ ಗಿರಣಿ ಉಳದೈತಿ. ಲಗೂನ ಹೇಳು, ಆಮ್ಯಾಲ ಬಯ್ಯಬ್ಯಾಡ.”

ಶೆಟ್ಟೆಪ್ಪ ಹಣೆಗೆ ವಿಭೂತಿ ಹಚ್ಚಿ, ಮೊಬೈಲಿಗೂ ಒಂದೆಳೆ ಎಳೆದು, ಭೀಮಶಿಯ ಚಹದಂಗಡಿಯಲ್ಲಿ ಕುಳಿತ. ಇನ್ನೇನು ಮಾರುವ ಗುಂಡಿ ಒತ್ತಬೇಕು, ಕಂಬ ಏಳತೊಡಗಿತು.

ಕುರಿ ಕಾಯಲು ಹೊರಟಿದ್ದ ಬೀರಸಿದ್ದಪ್ಪ ಇಣುಕಿದ. “ಏನಲೇ ಅದು, ಮಳಿ ಬಿದ್ದ ಜ್ವಾಳದಂಗ ಏಳಾಕತ್ತೈತಿ?”

“ಗದ್ಲ ಕಾಕಾ! ಮುಂಬೈದಾವ್ರು ಇಳದಾರ. ಈಗ ಮಾರಾಂವ ಹುಚ್ಚ!”

ಅಂಗಡಿಗೆ ಬರುವವರ ಮೊಬೈಲಿನಲ್ಲೆಲ್ಲ ಶೆಟ್ಟೆಪ್ಪನೇ ಹಿಂದೆ ಶೇರಿನ ಖಾತೆ ತೆರೆಸಿಕೊಟ್ಟಿದ್ದ. ಬೀರಸಿದ್ದಪ್ಪ ಬೀರಪ್ಪ ದೇವರನ್ನು ನೆನೆದು ಶೇರು ಕೊಂಡ. ಭೀಮಶಿ ಚಹಾ ಬಿಟ್ಟು ಕೊಂಡ. ಗೊಬ್ಬರದಂಗಡಿಯ ಗಜಾನನ, “ನನ್ನ ಬಿಟ್ಟ ತಗೋತೀರೇನಲೇ?” ಎಂದು ಜಗಳ ತೆಗೆದು ತಾನೂ ಕೊಂಡ. ಒಬ್ಬೊಬ್ಬ ಕೊಂಡಾಗಲೂ ಕಂಬ ಇನ್ನಿಷ್ಟು ಎದ್ದಿತು. ಕಂಬ ಎದ್ದದ್ದು ನೋಡಿ ಮತ್ತೆ ಕೊಂಡರು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. “ಶುಭ ಆತು!” ಎಂದರು.

ಮುತ್ತಪ್ಪ ಮತ್ತೆ ಫೋನು ಮಾಡಿದ. “ಬ್ಯಾರೆದವ್ರು ಕೇಳಾಕತ್ತಾರಪಾ.”

“ಕೊಟ್ಟಬಿಡು! ನಾ ಅದಕ್ಕಿಂತ ದೊಡ್ಡದು ಒಯ್ಯಾಂವದೇನಿ,” ಎಂದ ಶೆಟ್ಟೆಪ್ಪ, ಕೈಯಲ್ಲಿದ್ದ ಬೀಜದ ರೊಕ್ಕವನ್ನೂ ಶೇರಿಗೆ ಹಾಕುತ್ತ. ಬುದ್ಧಿ ಕೊಡುವುದಕ್ಕೂ ದೇವರು ಒಂದು ಹೊತ್ತು ನೋಡುತ್ತಾನೆ. ಆ ಹೊತ್ತು ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಕೊಳ್ಳುವವರ ಕಿಸೆ ಖಾಲಿಯಾಯಿತು, ಕಂಬ ನಿಂತಿತು. ದರ ಮಾತ್ರ ಹಗ್ಗ ಹರಿದ ಕೊಡ ಬಾವಿಗೆ ಬಿದ್ದಂತೆ ಇಳಿಯಿತು. ಶೆಟ್ಟೆಪ್ಪ ಮಾರುವ ಗುಂಡಿ ಒತ್ತಿದ, ಕುಟ್ಟಿದ. ಕೊಳ್ಳುವ ನರಪಿಳ್ಳೆಯೂ ಇಲ್ಲ.

“ಎಲ್ಲಿ ಅದಾರಲೇ ನಿನ್ನ ಮುಂಬೈದಾವ್ರು?” ಎಂದು ಬೀರಸಿದ್ದಪ್ಪ ಕಂಬಳಿ ಕೊಡವಿ ಎದ್ದ. ಎಲ್ಲರೂ ಬೈಯುತ್ತ ಶೆಟ್ಟೆಪ್ಪನ ಬೆನ್ನು ಹತ್ತಿ ಅವನ ಓಣಿಗೆ ಬಂದರು.

ಓಣಿಯಲ್ಲಿ ಟೆಂಪೊ ನಿಂತಿತ್ತು. ಅದರ ಮೇಲೆ ಕುಂಕುಮ ಹಚ್ಚಿದ ಹೊಸ ಗಿರಣಿ! ಸುತ್ತಲೂ ಮಹಿಳಾ ಸಂಘದವರು: ಭೀಮಶಿಯ ಹೆಂಡತಿ ನಂದಾ, ಬೀರಸಿದ್ದಪ್ಪನ ಹೆಂಡತಿ ಫಕೀರವ್ವ, ನಡುವೆ ತೆಂಗಿನಕಾಯಿ ಹಿಡಿದ ದ್ರಾಕ್ಷಾಯಿಣಿ.

“ಇದು... ಯಾರದ?” ಎಂದು ಕೇಳಿದ ಶೆಟ್ಟೆಪ್ಪ.

“ನಮ್ಮ ಸಂಘದ್ದರಿ,” ದ್ರಾಕ್ಷಾಯಿಣಿ ಹಿಗ್ಗಿನಿಂದ ಹೇಳಿದಳು. “ನೀವು ಉಣ್ಣಾಕ ಕುಂತಾಗೆಲ್ಲಾ ಹೊಗಳ್ತಿದ್ರಿ, ನಾವೂ ಎಲ್ಲಾರು ಆಗ ಆ ಹಗ್ಗದ ಶೇರ ತಗೊಂಡಿದ್ವಿ. ಇವತ್ತ ಮುಂಜಾನಿಂದ ಕುಂತು ಅಷ್ಟೂ ಮಾರಿದ್ವಿ. ರೊಕ್ಕ ನಾಳಿ ಬರ್ತಾವಂದ್ರೂ ಮುತ್ತಪ್ಪಣ್ಣ ಗಿರಣಿ ಕಳಿಸ್ಯಾನ.”

“ಇಷ್ಟ ಶೇರ ಯಾರ ತಗೋತಾರೋ ಅಂತ ಅಂಜಿದ್ವಿರಿ,” ಎಂದಳು ನಂದಾ. “ಹಾಕಿದ್ದೆಲ್ಲಾ ತಗೊಂಡ್ರು!”

ಫಕೀರವ್ವ ಆಕಾಶಕ್ಕೆ ಕೈ ಮುಗಿದಳು. “ಯಾರೋ ಮುಂಬೈ ಕಡೀ ಪುಣ್ಯಾತ್ಮರವ್ವಾ. ದೇವರು ಅವರ ಮನಿ ತಣ್ಣಗ ಇಟ್ಟಿರಲಿ.” ಆಮೇಲೆ ಗಂಡಸರ ಕಡೆ ತಿರುಗಿದಳು. “ಗೂಟದಂಗ ಯಾಕ ನಿಂತೀರಿ? ಬರ್ರಿ, ಕೈ ಹಚ್ರಿ!”

ಮುಂಬೈ ಕಡೆಯ ಪುಣ್ಯಾತ್ಮರು ಒಬ್ಬರ ಮುಖವನ್ನೊಬ್ಬರು ನೋಡದೆ, ಗಿರಣಿಗೆ ಹೆಗಲು ಕೊಟ್ಟರು.