ರೊಟ್ಟಿ ಮುರಿದರೆ ಕೂರುವ ಗುಂಡ್ಯಾ

ನಾಯಿಗೆ ಕಲಿಸಲು ಹೊರಟ ಮನೆಯಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆ ಎಂಬ ಗೊಂದಲ ವಾರಕ್ಕೊಮ್ಮೆಯಾದರೂ ಏಳುತ್ತದೆ. ನಾನು ಮನಃಶಾಸ್ತ್ರ ಓದಿದವಳು. ಕಂಡದ್ದನ್ನು ಅಂದೇ ಬರೆದಿಡುವ ರೂಢಿ ಕಾಲೇಜಿನಿಂದ ಬಂದದ್ದು. ಹೀಗಾಗಿ ಇಲ್ಲಿ ಉಪ್ಪು-ಖಾರ ಹಚ್ಚಿಲ್ಲ.

ಕರಾರು

ನಮ್ಮವರ ಅಕ್ಕ ಪ್ರತಿ ವರ್ಷ ನಾಗರ ಪಂಚಮಿಗೆ ಮಾಳಮಡ್ಡಿಯ ನಮ್ಮ ಮನೆಗೆ, ಅಂದರೆ ತಮ್ಮ ತವರಿಗೆ, ಬರುತ್ತಾರೆ. ಹೋದ ವರ್ಷ ಅವರು ಹೊಸ್ತಿಲು ದಾಟುವಷ್ಟರಲ್ಲಿ ನಮ್ಮ ನಾಯಿ ಗುಂಡ್ಯಾ ಹಾರಿ, ಎರಡೂ ಮುಂಗಾಲು ಅವರ ಹೆಗಲ ಮೇಲಿಟ್ಟಿತು.

"ತವರಿಗಿ ಬಂದ್ರ ನಾಯಿ ಬಂದು ಅಪ್ಕೋತೈತಿ, ತಮ್ಮ ಪೇಪರ್ ಓದ್ಕೋತ ಕುಂತಿರ್ತಾನ," ಎಂದರು ಅಕ್ಕ. "ಇನ್ನೊಮ್ಮೆ ಹಾರಿದ್ರ ನಾ ಬರೂದಿಲ್ಲ."

ಅವರು ಹೋದ ಮೇಲೆ ನಮ್ಮವರ ತೀರ್ಪು: "ಬರೂ ಪಂಚಮಿಗಿ ಇದು ಹಾರಿತಂದ್ರ ಹೊಲಕ್ಕ ಕಳಸೂದ." ಕಲಿಸಲೆಂದು ಒಂದು ಬೆತ್ತವನ್ನೂ ತಂದರು.

"ಹೊಡದ್ರ ನಿಮಗ ಅಂಜತೈತಿ, ಕೂಡೂದು ಕಲಿಯೂದಿಲ್ಲ," ಎಂದೆ. "ಸುಮ್ನ ಕುಂತಾಗ ತಿನ್ಲಿಕ್ಕೆ ಕೊಡಬೇಕು."

"ನಾನೂ ಮುಂಜಾನಿಂದ ಸುಮ್ನ ಕುಂತೇನಿ. ಚಹಾ ಬರವಲ್ದು."

ಬಹುಮಾನ

ಅಂಗಡಿಯಿಂದ ತಂದ ನಾಯಿ ಬಿಸ್ಕೀಟನ್ನು ಗುಂಡ್ಯಾ ಮೂಸಿ ಬಿಟ್ಟಿತು. ಖಡಕ್ ರೊಟ್ಟಿ ಮುರಿದ ಸಪ್ಪಳಕ್ಕೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದನ್ನೇ ಹಿಡಿದೆ. ಅದು ಕೂತ ಕ್ಷಣ ರೊಟ್ಟಿ ಚಟ್ಟನೆ ಮುರಿದು ಚೂರು ಕೊಡುವುದು. ಹಾರಿದರೆ ಬೆನ್ನು ತಿರುಗಿಸಿ ನಿಲ್ಲುವುದು. ಬರಬರುತ್ತ ಸಪ್ಪಳ ಕೇಳಿದರೆ ಸಾಕು, ಎದುರಿಗೆ ಬಂದು ಕೂರತೊಡಗಿತು.

ನಮ್ಮವರ ಪದ್ಧತಿ ಬೇರೆ. ಅವರು ಊಟಕ್ಕೆ ಕೂತರೆ ಗುಂಡ್ಯಾ ಬೊಗಳುತ್ತದೆ. ಅವರು ಚೂರು ಎಸೆಯುತ್ತಾರೆ. ನುಂಗಿ ಮತ್ತೆ ಬೊಗಳುತ್ತದೆ.

"ನೋಡು, ನಾ ಕೊಟ್ಟ ಕೂಡ್ಲೆ ಬಾಯಿ ಮುಚ್ತು. ನನ್ನ ಮಾತು ಕೇಳ್ತೈತಿ."

"ನೀವ ಅದರ ಮಾತು ಕೇಳಾಕತ್ತೀರಿ," ಎಂದೆ. "ಭಾಳ ಲಗೂ ಕಲ್ತ್ರಿ."

ರೊಟ್ಟಿ ಪಂಚಮಿ

ನಾಗರ ಪಂಚಮಿಯ ಮುನ್ನಾದಿನ ನಮ್ಮಲ್ಲಿ ರೊಟ್ಟಿ ಪಂಚಮಿ. ಮನೆಮನೆಗೆ ರೊಟ್ಟಿ, ಪಲ್ಯ ಹಂಚುತ್ತಾರೆ. ಓಣಿಯ ತುಂಬ ರೊಟ್ಟಿ ಮುರಿಯುವ ಸಪ್ಪಳ. ಕಲಿಸುವಾಗ ಇದು ನನಗೆ ಹೊಳೆದಿರಲಿಲ್ಲ. ಈ ವರ್ಷ ಅಂದು, ಇನ್ನೇನು ಅಕ್ಕ ಬರಬೇಕು ಎನ್ನುವಾಗ ನೋಡಿದರೆ ಗೇಟು ತೆರೆದಿತ್ತು, ಗುಂಡ್ಯಾ ಇರಲಿಲ್ಲ. ಓಣಿಯ ಕಡೆಯ ಮನೆಯಾಕೆ ಅದನ್ನು ಕರೆದುಕೊಂಡು ಬಂದರು.

"ಭಾಳ ಸಂಸ್ಕಾರದ ನಾಯಿ ಬಿಡ್ರಿ ಬಾಯಾರ. ಹೊಸ್ತಿಲ ಮುಂದ ಕುಂತು, ತಿಂದು, ಮುಂದಿನ ಮನಿಗಿ ಹೋತು. ಓಣ್ಯಾಗಿನ ಎಲ್ಲಾರ ರೊಟ್ಟಿ ನಿಮಗ ಮುಟ್ಟಿದ್ವು. ನಿಮ್ಮನಿ ರೊಟ್ಟಿ ಇನ್ನೂ ಬಂದಿಲ್ಲ."

ಪರೀಕ್ಷೆ

ಹೊಟ್ಟೆ ತುಂಬಿದ ನಾಯಿ ರೊಟ್ಟಿಗೆ ಕೂರುತ್ತದೆಯೇ? ನಾನು ಓದಿದ ಯಾವ ಪುಸ್ತಕವೂ ಇದನ್ನು ಹೇಳಿರಲಿಲ್ಲ. ಅಷ್ಟರಲ್ಲಿ ಅಕ್ಕ ಬಂದರು. ನಾನು ರೊಟ್ಟಿ ಮುರಿದೆ. ಗುಂಡ್ಯಾ ಕೂತಿತು. ಅಕ್ಕ ಅದರಿಂದ ಕಣ್ಣು ತೆಗೆಯದೆ ಕುರ್ಚಿಯಲ್ಲಿ ಕೂತು, ಕಾಲು ಮೇಲೆಳೆದುಕೊಂಡರು. ಅವರ ಮುಂದೆ ರೊಟ್ಟಿಯ ತಾಟಿಟ್ಟು ನಾನು ಒಳಗೆ ಹೋದೆ.

ನೀರು ತರುವಷ್ಟರಲ್ಲಿ ನೋಡಿದರೆ, ನಾಯಿ ಹೋಗಲೆಂದು ಅಕ್ಕ ಒಂದೇ ಸಮನೆ ರೊಟ್ಟಿ ಮುರಿದು ಹಾಕುತ್ತಿದ್ದರು. ಮುರಿದಾಗೊಮ್ಮೆ ಗುಂಡ್ಯಾ ಇನ್ನಷ್ಟು ನೆಟ್ಟಗೆ ಕೂರುತ್ತಿತ್ತು. ಒಂದು ಚೂರನ್ನೂ ಮುಟ್ಟಿರಲಿಲ್ಲ.

"ಅಕ್ಕಾ, ಹಾರಿತೇನ?" ಎಂದು ನಮ್ಮವರು ಬಾಗಿಲಲ್ಲೇ ನಿಂತು ಕೇಳಿದರು.

"ಇಲ್ಲೋ. ತಿನ್ನವಲ್ದು, ಏಳವಲ್ದು. ನನ್ನೂ ಏಳಗೊಡವಲ್ದು."

"ಹಂಗಾರ ಹೊಲಕ್ಕ ಕಳಸೂದು ಬ್ಯಾಡ?"

ಅಕ್ಕ ಇನ್ನೊಂದು ರೊಟ್ಟಿ ಮುರಿದರು. "ಹಾರದ್ದನ್ನ ಹೆಂಗ ಕಳಸ್ತಿ? ಇರ್ಲಿ ಬಿಡು. ಆದ್ರ ಖರೇ ಹೇಳ್ತೇನಿ, ಹಾರಿದ್ರನ ಛಲೋ ಇತ್ತು. ಒಮ್ಮೆಗೇ ಮುಗೀತಿತ್ತು."